ಮೊದಲ ಮುತ್ತಿನ ಸರದಿ

ಕಂಚುಗಾರ ಪಿರಾರ್ ಜಿಲ್ಕಿನ್‌ನ ಚಟ್ಟದ ಮುಂದಿನ ಬಲಗೊನೆಗೆ ಹೆಗಲು ಕೊಟ್ಟಾಗಿತ್ತು. ಹೆಲ್ವಿಯಮ್ಮ ಅವನ ತೋಳು ಹಿಡಿದು ನಿಲ್ಲಿಸಿದಳು. ಆ ಜಾಗ ತನ್ನ ಮನೆಯದು, ತನ್ನ ಆಳು ಹೊರುತ್ತಾನೆ ಎಂದಳು.

"ಹೆಣ ಹೊರೋದ್ರಲ್ಲೂ ಸರದೀನಾ, ಅಮ್ಮಾವ್ರೆ?" ಎಂದ ಪಿರಾರ್. "ಇಪ್ಪತ್ತಾರು ವರ್ಷ ನಮ್ಮಿಬ್ರ ಜಗಳ ಬಿಡಿಸೀ ಬಿಡಿಸೀ ಜಿಲ್ಕಿನ್ ಸವೆದ. ಇವತ್ತೊಂದಿನ ಬಿಟ್ಟುಬಿಡಿ."

ಕೊನೆಗೆ ಪಾದ್ರಿ ಒರ್ಬಾನ್ ಬಂದು ಬಲಗೊನೆ ಅವಳ ಆಳಿಗೆ, ಎಡಗೊನೆ ಪಿರಾರನಿಗೆ ಎಂದು ತೀರ್ಮಾನ ಮಾಡಿದ ಮೇಲೆಯೇ ಹೆಣ ಮನೆಯ ಹೊಸ್ತಿಲು ದಾಟಿದ್ದು.

ಮ್ಯೂಸ್ ನದಿಯ ದಂಡೆಯ ಆ ಊರಿನ ಚರ್ಚಿಗೆ ಜಿಲ್ಕಿನ್ ಪರಿಚಾರಕ. ಗಂಟೆ ಹೊಡೆಯುತ್ತಿದ್ದ, ಮೇಣದ ಬತ್ತಿಗಳ ಕುಡಿ ಕತ್ತರಿಸುತ್ತಿದ್ದ. ಆದರೆ ಊರಿಗೆ ಅವನೆಂದರೆ ಶಾಂತಿಫಲಕ ಹಿಡಿದು ಬರುವವನು. ಅದು ಅಂಗೈಯಗಲದ ತಾಮ್ರದ ಫಲಕ. ಚಿನ್ನದ ನೀರು ಕುಡಿಸಿ, ಗಾಜು ಕರಗಿಸಿ ಮಾಡಿದ ಗಾಢ ನೀಲಿ ಮೀನಾಕಾರಿಯ ನಡುವೆ ಶಿಲುಬೆಯ ಪ್ರಭುವನ್ನು ಕೂರಿಸಿದ್ದರು. ಭಾನುವಾರದ ಬಲಿಪೂಜೆಯಲ್ಲಿ ಪಾದ್ರಿ ಅದಕ್ಕೆ ಮುತ್ತಿಟ್ಟು ಕೊಡುತ್ತಿದ್ದರು. ಜಿಲ್ಕಿನ್ ಅದನ್ನು ಜನರ ನಡುವೆ ಒಯ್ಯುತ್ತಿದ್ದ. ಎಲ್ಲರೂ ಒಬ್ಬರಾದ ಮೇಲೊಬ್ಬರು ಮುತ್ತಿಟ್ಟರೆ ಊರಲ್ಲಿ ಎಲ್ಲರಿಗೂ ಎಲ್ಲರ ಜೊತೆ ರಾಜಿಯಾದಂತೆ.

ರಾಜಿ ಆಗದೆ ಇದ್ದದ್ದು ಇಬ್ಬರಿಗೆ. ಫಲಕವನ್ನು ಚರ್ಚಿಗೆ ಕೊಟ್ಟವನು ಹೆಲ್ವಿಯಮ್ಮನ ಗಂಡನ ಮುತ್ತಜ್ಜ. ಮಾಡಿದವನು ಪಿರಾರನ ಮುತ್ತಜ್ಜ. ಪಾದ್ರಿಯ ಬಳಿಕ ಮೊದಲ ಮುತ್ತು ಫಲಕ ಕೊಟ್ಟವರದೋ, ಮಾಡಿದವರದೋ?

*

ಒಂದು ಈಸ್ಟರ್ ಹಬ್ಬದಂದು ಪಿರಾರ್ ಮುಂದೆ ನುಗ್ಗಿ ಫಲಕಕ್ಕೆ ಕೈ ಹಾಕಿದ. ಹೆಲ್ವಿಯಮ್ಮ ಬಿಡಲಿಲ್ಲ. ಎಳೆದಾಟದಲ್ಲಿ ಅದರ ಮೂಲೆ ಜಿಲ್ಕಿನ್‌ನ ಬಾಯಿಗೆ ಬಡಿದು ಹಲ್ಲೊಂದು ಉದುರಿತು. ಅವನು ರಕ್ತ ನುಂಗಿಕೊಂಡು ಫಲಕವನ್ನು ಅಂಗಿಯಿಂದ ಒರೆಸಿದ.

"ಇದು ಶಾಂತಿ," ಎಂದ. "ಯಾರಿಗೆ ಬೇಡ್ವೋ ಹೇಳಿ, ಮುಂದಿನವರ ಹತ್ರ ಹೋಗ್ತೀನಿ."

ಅಂದಿನಿಂದ ಹೆಲ್ವಿಯಮ್ಮ ಮೊದಲು, ಪಿರಾರ್ ಆಮೇಲೆ ಎಂದಾಯಿತು. ಪಿರಾರ್ ಮುನಿಸು ಬಿಡಲಿಲ್ಲ.

ಜಿಲ್ಕಿನ್‌ನ ಹೆಂಡತಿ ಮರೋಯಿಯನ್ನು ಊರು ಕಳಿಸಿಕೊಟ್ಟು ಹನ್ನೊಂದು ವರ್ಷ. ಒಂದು ದಿನ ಅವಳು ಒಲೆಯ ಮೇಲಿನ ಗಡಿಗೆಯನ್ನು ಬರಿಗೈಯಲ್ಲಿ ಇಳಿಸಿದಳು. ಸುಟ್ಟಿದ್ದು ಅವಳಿಗೆ ತಿಳಿಯಲೇ ಇಲ್ಲ. ಪರೀಕ್ಷೆ ಮಾಡಿದವರು ಕುಷ್ಠ ಎಂದರು. ಬಾಯಿಗೆ ಬಟ್ಟೆ, ಬರುವುದನ್ನು ಜನರಿಗೆ ಸಾರಲು ಕೈಗೊಂದು ಮರದ ಗಿಲಕಿ ಕೊಟ್ಟು ನದಿಯ ಕೆಳದಂಡೆಯ ರೋಗಿಗಳ ಮನೆಗೆ ಕಳಿಸಿದರು. ತಾನೂ ಜೊತೆಗೆ ಹೋಗಲೇ ಎಂದು ಜಿಲ್ಕಿನ್ ಕೇಳಿದ. ಕಟ್ಟಳೆ ಒಪ್ಪುವುದಿಲ್ಲ ಎಂದರು ಪಾದ್ರಿ. ಹಾಗಾದರೆ ಅವಳು ಹೊರಗಿನಿಂದ ಪೂಜೆ ಕೇಳಲಿ, ಉತ್ತರದ ಗೋಡೆಯಲ್ಲಿ ಮುಚ್ಚಿಹೋದ ಪುಟ್ಟ ಕಿಟಕಿಯನ್ನು ತೆಗೆಸಿಕೊಡಿ ಎಂದು ಬೇಡಿಕೊಂಡ. ಅದಕ್ಕೆ ಒಪ್ಪಿದರು.

ಆಮೇಲೆ ಜಿಲ್ಕಿನ್ ಬಲಿಪೀಠದಿಂದ ನೇರವಾಗಿ ಜನರ ಬಳಿ ಬರುವುದನ್ನು ಬಿಟ್ಟ. ಉತ್ತರದ ಕಂಬದ ಹಿಂದಿನಿಂದ ಸುತ್ತಿಕೊಂಡು ಬರುತ್ತಿದ್ದ. ವಯಸ್ಸಾಯಿತು, ಕಾಲು ಎಳೆಯುತ್ತಿದೆ ಎಂದುಕೊಂಡರು ಜನ.

*

ಗುಂಡಿಗೆ ಮಣ್ಣು ಬಿದ್ದು ಮುಗಿಯುವ ಹೊತ್ತಿಗೆ ಬೇಲಿಯಾಚೆ ಗಿಲಕಿ ಸದ್ದಾಯಿತು. ಜನ ಹಿಂದೆ ಸರಿದರು. ಮರೋಯಿ ತನ್ನ ಮೇಲಿನ ಗಾಳಿ ಇವರತ್ತ ಬೀಸದಂಥ ಜಾಗ ನೋಡಿಕೊಂಡು ನಿಂತಿದ್ದಳು. ಪಾದ್ರಿ ಎರಡು ಸಮಾಧಾನದ ಮಾತು ಹೇಳಿದರು. ಅವಳು ತಲೆದೂಗಿ ಕೇಳಿ, ಆಮೇಲೆ ತನಗೆ ಬೇಕಾದದ್ದನ್ನು ಕೇಳಿದಳು.

"ಭಾನುವಾರ ಕಿಟಕಿಗೆ ಯಾರು ಬರ್ತಾರೆ, ಸ್ವಾಮಿ?"

"ಕಿಟಕಿಗೆ ಯಾಕಮ್ಮ ಬರ್ಬೇಕು?"

"ಫಲಕ ಹಿಡ್ಕೊಂಡು. ನಮ್ಮನೆಯವರು ನಿಮ್ಮ ಕೈಯಿಂದ ತಗೊಂಡು ಮೊದ್ಲು ನನ್ನ ಹತ್ರ ತರ್ತಿದ್ರಲ್ಲ, ಆಮೇಲೆ ಇವರೆಲ್ಲರ ಹತ್ರ. ನಿಮಗೆ ಗೊತ್ತಿತ್ತು ಅಂದ್ಕೊಂಡಿದ್ದೆ."

ಒಬ್ಬ ತಾಯಿ ಮಗಳ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಪಿರಾರ್ ತೋಳಿನಿಂದ ಬಾಯಿ ಒರೆಸಿಕೊಂಡ.

"ಒರೆಸ್ತಿದ್ನಾ?" ಎಂದು ಕೇಳಿದಳು ಹೆಲ್ವಿಯಮ್ಮ.

"ಚೆನ್ನಾಗಿ ಒರೆಸ್ತಿದ್ರು. ಅದಕ್ಕೂ ಮುಂಚೆ, ನಾನಿಟ್ಟ ಜಾಗದಲ್ಲೇ ಅವರೂ ಒಂದು ಮುತ್ತಿಡ್ತಿದ್ರು," ಎಂದಳು ಮರೋಯಿ. "ಹನ್ನೊಂದು ವರ್ಷ ನಮ್ಮ ಸಂಸಾರ ಅಷ್ಟೇ, ಅಮ್ಮಾವ್ರೆ."

"ಹಾಗಾದ್ರೆ ನೀವು ಮೂರನೆಯವರು," ಎಂದ ಪಿರಾರ್ ಹೆಲ್ವಿಯಮ್ಮನ ಕಡೆ ತಿರುಗಿ. ಯಾರೂ ನಗಲಿಲ್ಲ; ಅವನಿಗೂ ನಗು ಬರಲಿಲ್ಲ.

ಫಲಕ ಇನ್ನು ಇರಕೂಡದು, ಪಿರಾರ್ ಅದನ್ನು ಕುಲುಮೆಗೆ ಹಾಕಿ ಅದೇ ತಾಮ್ರದಲ್ಲಿ ಹೊಸದು ಮಾಡಿಕೊಡಲಿ ಎಂದರು ಪಾದ್ರಿ. ಕೆಲವರು ಹೌದು ಹೌದು ಎಂದರು. ಪಿರಾರ್ ನೆಲ ನೋಡುತ್ತಿದ್ದ. ಆ ನೀಲಿ ಮಾಡುವುದು ಈಗ ಯಾರ ಕೈಗೂ ಬರುವುದಿಲ್ಲ, ತನ್ನ ಕೈಗಂತೂ ಇಲ್ಲ ಎಂದು ಮೆಲ್ಲಗೆ ಹೇಳಿದ. ಇಪ್ಪತ್ತಾರು ವರ್ಷದಲ್ಲಿ ಅವನು ಒಪ್ಪಿಕೊಂಡ ಮೊದಲ ಮಾತು ಅದು.

ಅಷ್ಟರಲ್ಲಿ ಹೆಲ್ವಿಯಮ್ಮ ಚರ್ಚಿನೊಳಗೆ ಹೋಗಿದ್ದಳು. ಹೊರಬರುವಾಗ ಅವಳ ಕೈಯಲ್ಲಿ ಫಲಕವಿತ್ತು. ಪಾದ್ರಿ ಅಡ್ಡ ಬಂದರು.

"ಸತ್ತವರ ಪೂಜೆಯಲ್ಲಿ ಶಾಂತಿ ಕೊಡೋ ಪದ್ಧತಿ ಇಲ್ಲಮ್ಮ."

"ಪೂಜೆ ಮುಗೀತಲ್ಲ, ಸ್ವಾಮಿ," ಎಂದು ಅವರನ್ನು ಬಳಸಿಕೊಂಡು ನಡೆದಳು.

ಅವಳಿಗೆ ಎಪ್ಪತ್ತರ ಹತ್ತಿರ ವಯಸ್ಸು. ಇಬ್ಬನಿ ಹೆಪ್ಪುಗಟ್ಟಿದ ಹುಲ್ಲಿನ ಮೇಲೆ ಜಾರದಂತೆ ಹೆಜ್ಜೆ ಇಡುತ್ತ ಬೇಲಿಯವರೆಗೆ ಹೋದಳು. ಮರೋಯಿ ಎರಡು ಹೆಜ್ಜೆ ಹಿಂದೆ ಸರಿದಳು. ಹೆಲ್ವಿಯಮ್ಮ ಫಲಕ ಹಿಡಿದ ಎರಡು ಕೈಯನ್ನೂ ಮುಳ್ಳುಬೇಲಿಯ ಮೇಲಿಂದ ಚಾಚಿದಳು. ಚಾಚಿದ ಕೈಯನ್ನು ಇಳಿಸಲಿಲ್ಲ. ಕೊನೆಗೆ ಮರೋಯಿ ಹತ್ತಿರ ಬಂದು, ಬಾಯಿಯ ಬಟ್ಟೆ ಸರಿಸಿ ಬಾಗಿದಳು.

ತಣ್ಣನೆಯ ತಾಮ್ರದ ಮೇಲೆ ಉಸಿರಿನ ಮಂಜು ಕೂತಿತು. ಹೆಲ್ವಿಯಮ್ಮ ಫಲಕವನ್ನು ತನ್ನ ಕಡೆಗೆ ತಂದುಕೊಂಡು ನೋಡುತ್ತ ನಿಂತಳು. ಮಂಜು ಅಂಚಿನಿಂದ ಒಳಕ್ಕೆ ಕರಗುತ್ತ ಬಂತು, ನೀಲಿ ಬಯಲಾಯಿತು, ಪ್ರಭುವಿನ ತೋಳುಗಳು ಕಂಡವು. ಮೊಣಕಾಲಿನ ಹತ್ತಿರ ಉಗುರಿನಷ್ಟು ಮಂಜು ಇನ್ನೂ ಉಳಿದಿದ್ದಾಗ ಅವಳು ಆ ಜಾಗಕ್ಕೇ ತುಟಿ ತಾಗುವಂತೆ ತಲೆಯನ್ನು ಬಾಗಿಸಿದಳು.