ರಾಣಿಯ ಅಂಚಿನಲ್ಲಿ ಮಾತ್ರೆ

ಏಳೂವರೆಗೆ ತೆರೆ ಮೇಲೆದ್ದಾಗ ಸೂಜಿಯ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಕಡ್ಡಿಯಂಥ ಮೈಯವಳು, ಸದ್ದಿಲ್ಲದೆ ಎಲ್ಲಿ ಬೇಕಾದರೂ ನುಸುಳಿ ಕೆಲಸ ಮುಗಿಸಿ ಬರುವವಳು ಎಂದು ನಾಟಕ ಕಂಪನಿಯವರು ಅವಳಿಗಿಟ್ಟ ಹೆಸರು ಅದು. ಎರಡು ತಿಂಗಳು ಬೆನ್ನು ಬಗ್ಗಿಸಿ ಹೊಲಿದ ಹದಿನಾಲ್ಕು ಉಡುಪುಗಳು ಇಂದು ಮೊದಲ ಸಲ ಬೆಳಕು ಕಾಣುತ್ತಿದ್ದವು. ರಾಣಿಯ ಕೆಂಪು ಮಖಮಲ್ಲಿನ ನಿಲುವಂಗಿ ವೇದಿಕೆಗೆ ಬಂದದ್ದೇ ತಡ, ನಾನೂರು ಜನರ ಸಭೆಯಲ್ಲಿ ಮೆಚ್ಚುಗೆಯ ಗುಜುಗುಜು ಹಬ್ಬಿತು. ಪಕ್ಕದ ಪರದೆಯ ಮರೆಯಲ್ಲಿ ನಿಂತಿದ್ದ ಸೂಜಿಗೆ ಸ್ವರ್ಗಕ್ಕೆ ಮೂರೇ ಗೇಣು.

ಆ ಸಂಭ್ರಮದಲ್ಲೇ ಕೈ ತನ್ನ ಏಪ್ರನ್ನಿನ ಅಂಚನ್ನು ತಡವಿತು. ಅಂಚು ಖಾಲಿ.

ದಿನವೂ ರಾತ್ರಿ ಎಂಟಕ್ಕೆ ಅವಳಿಗೊಂದು ಮಾತ್ರೆ. ಎಚ್‌ಐವಿ ಇದೆ ಎಂದು ತಿಳಿದು ಎರಡು ವರ್ಷವಾಗಿತ್ತು. ಹೊಲಿಗೆ ಕೋಣೆಯಲ್ಲಿ ಒಬ್ಬರ ಚೀಲವೆಂದರೆ ಎಲ್ಲರ ಚೀಲ. ಸೀಮೆಸುಣ್ಣಕ್ಕೆಂದು ಒಬ್ಬರು, ಪಿನ್ನಿಗೆಂದು ಇನ್ನೊಬ್ಬರು ಕೈ ಹಾಕುತ್ತಲೇ ಇರುತ್ತಾರೆ. ಅದಕ್ಕೇ ಅವಳು ಒಂದು ಮಾತ್ರೆಯನ್ನು ಪ್ಲಾಸ್ಟಿಕ್ ಚೂರಿನಲ್ಲಿ ಸುತ್ತಿ, ಏಪ್ರನ್ನಿನ ಅಂಚಿನೊಳಗಿಟ್ಟು ಮೂರು ಟಾಕಾ ಹಾಕಿಕೊಳ್ಳುತ್ತಿದ್ದಳು. ಏಪ್ರನ್ನೋ, ರಾಣಿಯ ನಿಲುವಂಗಿ ಹೊಲಿದು ಉಳಿದ ಬಟ್ಟೆಯದೇ. ಬೆಳಿಗ್ಗೆ ಎರಡೂ ಒಟ್ಟಿಗೆ ಮಡಿಲಲ್ಲಿದ್ದವು, ಕೈ ತಪ್ಪಿ ನಿಲುವಂಗಿಯ ಅಂಚಿಗೆ ಹೊಲಿದುಬಿಟ್ಟಿದ್ದಳು. ಮಾತ್ರೆ ಈಗ ರಾಣಿಯ ಜೊತೆ ಸಿಂಹಾಸನವೇರಿ ಕೂತಿತ್ತು.

ಉಳಿದ ಮಾತ್ರೆಗಳು ಮನೆಯಲ್ಲಿ, ಒಂದು ಗಂಟೆಯ ದಾರಿ. ಸ್ವಲ್ಪ ತಡವಾದರೆ ಆಕಾಶ ಕಳಚಿ ಬೀಳುವುದಿಲ್ಲ ಎಂದು ಆಸ್ಪತ್ರೆಯ ಆಪ್ತಸಮಾಲೋಚಕಿ ಹೇಳಿದ್ದರು. ಆದರೆ ಸೂಜಿಗೆ ತನ್ನ ‘ಆಮೇಲೆ’ಯ ಬಂಡವಾಳ ಗೊತ್ತಿತ್ತು. ಹಿಂದೆ ತಪ್ಪಿದ ಒಂದು ಮಾತ್ರೆಯೂ ಮರೆವಿನಿಂದ ತಪ್ಪಿದ್ದಲ್ಲ. ಯಾರೋ ನೋಡುತ್ತಿದ್ದಾರೆ, ಆಮೇಲೆ ತಗೊಂಡರಾಯಿತು, ಮನೆಗೆ ಹೋದರೆ ನಿದ್ದೆ, ಮರುದಿನ ನಾಚಿಕೆ, ಆ ನಾಚಿಕೆಗೆ ಇನ್ನೆರಡು ದಿನ ಮಾತ್ರೆ ಬಾಟಲಿಯ ಮುಖವನ್ನೇ ನೋಡುತ್ತಿರಲಿಲ್ಲ. ಬಾಟಲಿ ಕಂಡರೆ ಲೋಟ ನೆನಪಾಗುತ್ತಿತ್ತು. ವಿಷಯ ಗೊತ್ತಾದ ದಿನ ಅತ್ತಿಗೆ ಅವಳ ಲೋಟವನ್ನು ಮಾತ್ರ ಬೇರೆ ಮಾಡಿ ಕಿಟಕಿಯ ಕಟ್ಟೆಗೆ ಎತ್ತಿಟ್ಟಿದ್ದಳು. ಲೋಟ ಇವತ್ತಿಗೂ ಅಲ್ಲೇ ಇದೆ.

ಕಳೆದ ಸಲ ರಕ್ತದಲ್ಲಿ ವೈರಸ್ಸಿನ ಲೆಕ್ಕ ಏರಿತ್ತು. "ಹೀಗೇ ಬಿಟ್ಟು ಬಿಟ್ಟು ತಗೊಂಡ್ರೆ ಈ ಮಾತ್ರೆ ನಿಮ್ಮ ಕೈ ಬಿಡುತ್ತೆ" ಎಂದಿದ್ದರು ಡಾಕ್ಟರು. ಅಂದಿನಿಂದ ಅರವತ್ತಮೂರು ದಿನ, ಒಂದೂ ತಪ್ಪಿಲ್ಲ. ಇವತ್ತು ಕೊಂಡಿ ಕಳಚಿದರೆ ಮತ್ತೆ ಹಾಕಿಕೊಳ್ಳುವ ಧೈರ್ಯ ತನಗಿಲ್ಲ ಎಂಬುದು ಅವಳಿಗೆ ಅಂಗೈ ಗೆರೆಯಷ್ಟು ಸ್ಪಷ್ಟವಾಗಿತ್ತು.

ಉಡುಪು ವಿಭಾಗದ ಯಜಮಾನಿಯನ್ನು ಎಲ್ಲರೂ ಕತ್ತರಿ ಅತ್ತೆ ಎನ್ನುತ್ತಿದ್ದರು. ಸೂಜಿ ಅವರ ಕಿವಿಯ ಹತ್ತಿರ ಹೋದಳು.

"ಅತ್ತೆ, ರಾಣಿ ಒಳಗೆ ಬಂದಾಗ ಆ ಕೆಂಪಂಗಿ ಅಂಚು ಬಿಚ್ಚಬೇಕು."

"ತಲೆ ನೆಟ್ಟಗಿದ್ಯೇನೇ? ಕೊನೇ ಸೀನಿಗೆ ಮತ್ತೆ ಅದನ್ನೇ ಹಾಕ್ಬೇಕು."

"ಅದರೊಳಗೆ ನಂದೊಂದು ವಸ್ತು ಇದೆ."

"ಇರ್ಲಿ, ಓಡಿಹೋಗಲ್ಲ. ಆಮೇಲೆ ತಗೊ."

ಆಮೇಲೆ. ಸೂಜಿ ಕತ್ತರಿ ಹಿಡಿದು ನಿಂತಳು.

ಏಳು ಐವತ್ತೆಂಟಕ್ಕೆ ಸೈನಿಕರ ಹಾಡು ಶುರುವಾಯಿತು. ರಾಣಿಯ ಪಾತ್ರಧಾರಿ ಏದುಸಿರು ಬಿಡುತ್ತ ಒಳಬಂದಳು. ಹಾಡು ಮುಗಿಯುವುದರೊಳಗೆ ಬಿಳಿ ಅಂಗಿ ತೊಟ್ಟು ಮರಳಬೇಕು, ನಾಲ್ಕೇ ನಿಮಿಷ. ಕೆಂಪಂಗಿ ನೆಲಕ್ಕೆ ಬಿದ್ದದ್ದೇ ಸೂಜಿ ಮಂಡಿಯೂರಿ ಅಂಚನ್ನು ತಡವಿದಳು. ಇಲ್ಲಿಲ್ಲ, ಇಲ್ಲಿಲ್ಲ, ಇಗೋ. ಕಚಕ್. ಪೊಟ್ಟಣ ಜಾರಿ ರಾಣಿಯ ಕಾಲ ಬಳಿಗೇ ಉರುಳಿತು.

ರಾಣಿ ಎತ್ತಿಕೊಂಡಳು. "ನನ್ನ ಅಂಗೀಲಿ ಮಾತ್ರೆ? ಏನ್ರೇ, ನಾಟಕದಲ್ಲಿ ಸಾಯೋದು ಸಾಲದು ಅಂತ ನಿಜವಾಗ್ಲೂ ವಿಷ ಇಟ್ಟಿದ್ದೀರಾ?"

ತಲೆನೋವಿಂದು, ವಿಟಮಿನ್, ಅಮ್ಮಂದು. ಎರಡು ವರ್ಷ ಮಡಿಸಿಟ್ಟ ಸುಳ್ಳುಗಳೆಲ್ಲ ನಾಲಿಗೆಯ ತುದಿಗೆ ಬಂದವು. ಹಾಡು ಕೊನೆಯ ಚರಣಕ್ಕೆ ಬಂದಿತ್ತು.

"ನಂದು," ಎಂದಳು ಸೂಜಿ. "ಎಚ್‌ಐವಿ ಮಾತ್ರೆ. ದಿನಾ ಎಂಟಕ್ಕೆ. ಇವತ್ತು ಅರವತ್ನಾಕನೇ ದಿನ, ತಪ್ಪಿಸೋಕಾಗಲ್ಲ."

ಬಿಳಿ ಅಂಗಿಯ ಕೊಕ್ಕೆ ಹಾಕುತ್ತಿದ್ದ ಅತ್ತೆಯ ಕೈ ನಿಂತಿತು. ಮತ್ತೆ ಚಲಿಸಿತು.

"ಮತ್ತೆ ನನ್ನ ಮುಖ ಏನ್ ನೋಡ್ತಿದ್ದೀಯ, ನುಂಗು," ಎಂದು ರಾಣಿ ಪಕ್ಕದ ಮೇಜಿನಿಂದ ಚಿನ್ನದ ಬಣ್ಣ ಬಳಿದ ಲೋಟ ಎತ್ತಿಕೊಟ್ಟಳು. ತುಂಬ ನೀರಿತ್ತು.

ಸೂಜಿ ಕೈ ಹಿಂದೆಳೆದುಕೊಂಡಳು. "ಇದು ಮುಂದಿನ ಸೀನಲ್ಲಿ ನೀವು ಬಾಯಿಗಿಡೋ ಲೋಟ."

"ನಂಗೊತ್ತಿಲ್ವಾ? ಪೂರ್ತಿ ಖಾಲಿ ಮಾಡ್ಬೇಡ ಅಷ್ಟೆ. ನಂಗೂ ಗಂಟಲು ಒಣಗಿದೆ."

ಮಾತ್ರೆ ಇಳಿಯಿತು. ಎಂಟು ದಾಟಿ ಒಂದು ನಿಮಿಷ. ರಾಣಿ ಲೋಟ ಕಿತ್ತುಕೊಂಡು ಬೆಳಕಿನೊಳಗೆ ನಡೆದಳು.

ಆ ದೃಶ್ಯದಲ್ಲಿ ಲೋಟವನ್ನು ತುಟಿಗೆ ತಾಗಿಸಿ ಕೆಳಗಿಡಬೇಕು, ಕುಡಿಯುವಂತಿಲ್ಲ. ತಾಲೀಮಿನಲ್ಲಿ ನೂರು ಸಲ ಹಾಗೇ ನಡೆದಿತ್ತು. ಸೂಜಿ ಉಸಿರು ಬಿಗಿಹಿಡಿದು ನೋಡಿದಳು. ರಾಣಿ ಲೋಟ ಎತ್ತಿದಳು. ಕತ್ತು ಹಿಂದೆ ಬಾಗಿತು. ಗಟಗಟ ಕುಡಿದು, ಲೋಟ ಬೋರಲು ಮಾಡಿ, ಕೊನೆಯ ಹನಿ ವೇದಿಕೆಗೆ ಬೀಳುವುದನ್ನು ಸಭೆಗೆಲ್ಲ ತೋರಿಸಿದಳು. ಎದುರಿಗಿದ್ದ ರಾಜ ಮಾತು ಮರೆತು ಪಿಳಿಪಿಳಿ ಕಣ್ಣು ಬಿಟ್ಟ. ಜನ ಅದೂ ನಾಟಕವೇ ಎಂದುಕೊಂಡು ಚಪ್ಪಾಳೆ ತಟ್ಟಿದರು.

ಕತ್ತರಿ ಅತ್ತೆ ಕೆಂಪಂಗಿಯನ್ನು ಮಡಿಲಿಗೆಳೆದುಕೊಂಡು ಅಂಚನ್ನು ಕಣ್ಣಿಗೆ ಹಿಡಿದರು. "ಇಲಿ ಕಡಿದ ಹಾಗೆ ಕತ್ತರಿಸಿದ್ದೀಯಲ್ಲೇ."

"ಅತ್ತೆ, ನಾನು..."

"ಇನ್ಮೇಲೆ ಅಂಚು ಗಿಂಚು ಬೇಡ. ನನ್ನ ಗುಂಡಿ ಡಬ್ಬೀಲಿ ನಾಕು ಮಾತ್ರೆ ಜಾಸ್ತಿ ಇಟ್ಟಿರು. ಆಮೇಲೆ ಇನ್ನೊಂದು. ಈ ರಾಣಿ ಚಪ್ಪಾಳೆ ರುಚಿ ನೋಡಿದ್ಲು, ದಿನಾ ಕುಡೀತಾಳೆ. ನಾಳೆಯಿಂದ ಎಂಟಕ್ಕೆ ಸರಿಯಾಗಿ ಲೋಟ ತುಂಬಿಸೋ ಕೆಲಸ ನಿಂದು. ಈಗ ದಾರ ಪೋಣಿಸು, ಕೊನೇ ಸೀನಿಗೆ ಹನ್ನೆರಡು ನಿಮಿಷ ಇದೆ."

ಸೂಜಿ ದಾರ ಪೋಣಿಸಲು ಹೋದಳು. ಮೂರು ಸಲ ಗುರಿ ತಪ್ಪಿತು. ನಾಲ್ಕನೆಯ ಸಲಕ್ಕೆ ನಗು ಬಂದುಬಿಟ್ಟಿತು; ನಗುತ್ತಲೇ ಪೋಣಿಸಿದಳು.