ಹನ್ನೊಂದು ಗ್ರೂಪು, ಒಂದು ಕಂಬ

ಲೈನ್‌ಮನ್ ಬಸಗೊಂಡಪ್ಪ ಒಂದು ತಿಂಗಳಿಂದ ಮಿನಾಜಳ ಫೋನ್ ಎತ್ತುತ್ತಿರಲಿಲ್ಲ. ಮಿನಾಜ ತಿಕೋಟಾ ದಾರಿಯ ಒಂದು ವಿದ್ಯುತ್ ಕೇಂದ್ರದಲ್ಲಿ ಆಪರೇಟರ್. ಜಗಳ ಹುಟ್ಟಿದ್ದು ಒಂದು ಸಣ್ಣ ಮೆಸೇಜಿನಿಂದ. ಅವಳ ಫೋನಿನಲ್ಲಿ ಕಚೇರಿಯವೇ ಹನ್ನೊಂದು ವಾಟ್ಸಾಪ್ ಗ್ರೂಪು: ಶುಭೋದಯದ ಹೂವು, ಮೀಟರಿನ ಫೋಟೊ, ಸುತ್ತೋಲೆ, ಅದಕ್ಕೆ ಮೂವತ್ತು ಜನರ ನಮಸ್ಕಾರ. ಆ ಸಂತೆಯಲ್ಲಿ ಬಸಗೊಂಡಪ್ಪನ ‘ಲೈನ್ ಬಂದ್ ಮಾಡು’ ಎಂಬ ಮೆಸೇಜು ಅವಳಿಗೆ ಕಾಣಲಿಲ್ಲ, ಅವನು ಎರಡು ತಾಸು ಬಿಸಿಲಲ್ಲಿ ಕಾದ. ಆಮೇಲೆ ಗ್ರೂಪಿನಲ್ಲೇ ಎಲ್ಲರೆದುರು ಬೈದ. ಇವಳೂ ಅಲ್ಲೇ ತಿರುಗಿ ಬಿದ್ದಳು. ಅಂದಿನಿಂದ ಮಾತು ಬಂದ್. ಲೈನ್ ಬಂದ್ ಮಾಡು, ಮತ್ತೆ ಕರೆಂಟು ಬಿಡು ಎಂಬುದನ್ನು ಬಾಯಿಂದಲೇ ಹೇಳಬೇಕೆಂಬ ನಿಯಮವಿದೆ. ಇವರು ಗ್ರೂಪಿನಲ್ಲಿ ಬರೆದು ಕೈತೊಳೆದುಕೊಳ್ಳುತ್ತಿದ್ದರು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ಗೊತ್ತಿದ್ದೇನು ಬಂತು?

ಬುಧವಾರ ಬೆಳಿಗ್ಗೆ ಬಸಗೊಂಡಪ್ಪ ಇಟ್ಟಂಗಿಹಾಳದ ಲೈನ್ ಬಂದ್ ಮಾಡಿಸಿ ಕಂಬ ಏರಿದ್ದ. ಹನ್ನೊಂದೂವರೆಗೆ ಗ್ರೂಪಿನಲ್ಲಿ ‘ಕೆಲಸ ಮುಗಿದಿದೆ, ಲೈನ್ ಬಿಡಿ’ ಎಂದು ಬಂತು. ಅದರ ಬೆನ್ನಿಗೇ ನಲವತ್ತು ಮೆಸೇಜು ಮುಗಿಬಿದ್ದವು. ಬರೆದವರು ಯಾರೆಂದು ನೋಡದೆ ಮಿನಾಜ ಇಟ್ಟಂಗಿಹಾಳದ ಸ್ವಿಚ್ ತಿರುಗಿಸಿದಳು.

ಮರುಕ್ಷಣವೇ ಢಬ್ ಎಂದು ಲೈನ್ ಟ್ರಿಪ್ ಆಗಿ ತಾನಾಗಿಯೇ ಬಂದ್ ಆಯಿತು.

ಅವಳು ಮೆಸೇಜುಗಳನ್ನು ಸರಿಸಿ ನೋಡಿದಳು. ಬರೆದವನು ಬಸಗೊಂಡಪ್ಪನಲ್ಲ, ಕನಮಡಿಯ ಲೈನ್‌ಮನ್ ಅತೀಕ. ಹಾಗಾದರೆ ಬಸಗೊಂಡಪ್ಪ ಇನ್ನೂ ಕಂಬದ ಮೇಲಿದ್ದಾನೆ. ಲೈನ್ ಹಾಗೆ ಬಂದ್ ಆಗಬೇಕಾದರೆ ಅವನು ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಸರಪಳಿಯನ್ನು ತಂತಿಗೆ ಹಾಕಿರಬೇಕು, ಇಲ್ಲವೇ ಕರೆಂಟು ಅವನ ಮೈಯಿಂದಲೇ ನೆಲಕ್ಕಿಳಿದಿರಬೇಕು. ಅವಸರದಲ್ಲಿ ಸರಪಳಿ ಮರೆಯುವ ಚಾಳಿ ಅವನಿಗಿತ್ತು.

ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಸಿಟ್ಟಿನಿಂದ ಎತ್ತದವನೋ, ಸತ್ತು ಎತ್ತದವನೋ, ಹೇಗೆ ತಿಳಿಯಬೇಕು? “ಯಾ ಅಲ್ಲಾ, ಅಂವ ಸಿಟ್ಟಿನ್ಯಾಗ ಇರಲಿ” ಎಂದು ಬೇಡಿಕೊಂಡಳು. ಗ್ರೂಪು ಮಾತ್ರ ಟಿಣ್ ಟಿಣ್ ಎನ್ನುತ್ತಲೇ ಇತ್ತು. ಯಾರದೋ ಹುಟ್ಟುಹಬ್ಬಕ್ಕೆ ಯಾರೋ ಕೇಕಿನ ಚಿತ್ರ ಕಳಿಸಿದ್ದರು.

ಒಂಬತ್ತನೇ ಸಲಕ್ಕೆ ಅವನು ಎತ್ತಿದ.

“ಕಾಕಾ, ಹೆಂಗ ಅದೀರಿ?”

“ಕಂಬದ ಮ್ಯಾಗ ಅದೇನಿ. ಅರ್ಥಿಂಗ್ ಹಾಕಿದ್ದೆ, ಉಳದೇನಿ. ಫೋನ್ ಎತ್ತಾಕ ಕೈ ಬಿಡಾಕ ಧೈರ್ಯ ಆಗಲಿಲ್ಲ.”

“ಕನಮಡಿ ಮೆಸೇಜ್ ನಿಮ್ಮದಂತ ತಿಳದ್ನಿರಿ. ನಂದs ತಪ್ಪು.”

“ಮಾತು ಬಿಟ್ಟಿದ್ದು ನಂದೂ ತಪ್ಪವಾ. ಇನ್ನ ಮ್ಯಾಲ ನನ್ನ ಧ್ವನಿ ಕೇಳಲಾರದ ಸ್ವಿಚ್ ಮುಟ್ಟಬ್ಯಾಡ. ಗ್ರೂಪಿನ್ಯಾಗ ದೇವರs ಬರದ್ರೂ ಮುಟ್ಟಬ್ಯಾಡ.” ಮತ್ತೆ ಕೇಳಿದ, “ಈಗ ಬಂದ್ ಐತೇನು?”

“ಬಂದ್ ಐತ್ರಿ.”

“ಇಳ್ಯಾಕ ಕಾಲ ಬರವಲ್ವು. ನೆಲ ಮುಟ್ಟೂತನಕ ಫೋನ್ ಇಡಬ್ಯಾಡ, ಮಾತಾಡಕೋತ ಇರು.”

ಮಿನಾಜ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತು, “ಬಂದ್ ಐತ್ರಿ ಕಾಕಾ, ಬಂದ್ ಐತ್ರಿ” ಎಂದು ಅವನ ಕಾಲು ನೆಲ ಮುಟ್ಟುವವರೆಗೂ ಹೇಳುತ್ತಲೇ ಇದ್ದಳು.