ಚುಕ್ಕಿ ಯಾರ ಹೆಸರಿಗೆ

ಕೆಂಪು ಸೀಮೆಸುಣ್ಣದ ಸುತ್ತು ಇನ್ನೂ ಕರಿಹಲಗೆಯ ಮೇಲಿದೆ, ಅದರೊಳಗೆ ಲಲಿತಾ ಬರೆದ ಇಂಗ್ಲಿಷ್ ಪದ, ಅವರ್, ಅಂದರೆ ನಮ್ಮ, ಅವರ್ ಹಸ್ಬೆಂಡ್ ವರ್ಕ್ಸ್ ಇನ್ ಗಂಗಾವತಿ — ಏನ್ರೀ ಮೇಡಂ, ನಿಮ್ಮ ಯಜಮಾನ್ರಿಗೆ ಎಷ್ಟ ಮಂದಿ ಹೆಂಡ್ರು? — ಇಂಗ್ಲಿಷ್ ಕಲಿಸಲು ಬಂದ ಸಿದ್ದೇಶ ಸರ್ ಹೀಗೆ ಕೇಳಿದ್ದೇ ತಡ, ಕೊಪ್ಪಳದ ಈ ತರಬೇತಿ ಕೋಣೆಯಲ್ಲಿ ಕೂತ ನಲವತ್ತು ಜನ ಮಾಸ್ತರು, ಮೇಡಂಗಳು ಹೊಟ್ಟೆ ಹಿಡಿದುಕೊಂಡು ನಕ್ಕರು, ಅವಳೂ ನಕ್ಕಳು, ನಗದಿದ್ದರೆ ಸಂಶಯ ಬರುತ್ತಿತ್ತು. ತಪ್ಪೇನು ಅದರಲ್ಲಿ, ನಮ್ಮ ಮನಿ, ನಮ್ಮ ಸಾಲಿ, ನಮ್ಮ ಮನಿಯವರು, ಅವಳೂರು ಇರಕಲ್ಲಗಡದಲ್ಲಿ ಯಾವ ಹೆಂಗಸು ನನ್ನ ಗಂಡ ಎಂದು ಬಾಯಿಬಿಟ್ಟು ಹೇಳುತ್ತಾಳೆ, ಹೇಳಿದರೆ ಜಗಳಕ್ಕೆ ನಿಂತ ಹಾಗಿರುತ್ತದೆ. ಮೈ ಅನ್ರಿ, ಮೈ ಹಸ್ಬೆಂಡ್, ಗಂಡನ್ನ ಹಂಚಿಕೋಬ್ಯಾಡ್ರಿ — ಈ ಮನುಷ್ಯನ ಬಾಯಿಗೆ ಬೀಗವಿಲ್ಲ, ಇವನಿಗೇನು ಗೊತ್ತು, ಅವ್ವನಿಗೂ ಗೊತ್ತಿಲ್ಲ, ಸೋಮವಾರದಿಂದ ಒಬ್ಬಳೇ ಹೊಟ್ಟೆಯಲ್ಲಿಟ್ಟುಕೊಂಡಿದ್ದಾಳೆ, ಅಕ್ಕಿ ಗಿರಣಿಯ ಕೆಲಸದಿಂದ ವಾರಕ್ಕೊಮ್ಮೆ ಬಂದುಹೋಗುವ ಗಂಡ ಪ್ರಭುರಾಜ ಮರೆತು ಬಿಟ್ಟುಹೋದ ಚೀಲ, ಚೀಲದಲ್ಲಿ ಸ್ಟೀಲ್ ಡಬ್ಬಿ, ಅದರ ಮುಚ್ಚಳದ ಮೇಲೆ ಪಾತ್ರೆ ಅಂಗಡಿಯವರು ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಹೆಸರು, ಶಾಂಭವಿ ಪ್ರಭುರಾಜ. ತನ್ನ ಪಾತ್ರೆಗಳ ಮೇಲೆಲ್ಲ ಲಲಿತಾ ದೊಡ್ಡಬಸಪ್ಪ, ತವರಿನವರು ಕೊಟ್ಟದ್ದು, ಅಪ್ಪನ ಹೆಸರು, ಹನ್ನೊಂದು ವರ್ಷದ ಸಂಸಾರದಲ್ಲಿ ಗಂಡನ ಹೆಸರಿನ ಒಂದು ಚಮಚವೂ ಇಲ್ಲ. ಫೋನಿನಲ್ಲಿ ಕೇಳಿದ್ದಳು, ಯಾರದರೀ ಈ ಡಬ್ಬಿ? ಗಿರಣ್ಯಾಗ ಅದಲಬದಲ ಆಗೇತಿ, ಇಡು, ಶನಿವಾರ ಬಂದಾಗ ಒಯ್ತೀನಿ, ಅಂದಿದ್ದ. ಹೆಸರು ಓದಿದೆ ಎಂದು ಅವಳು ಹೇಳಲಿಲ್ಲ. ಇವತ್ತು ಶನಿವಾರ, ಐದರ ಬಸ್ಸಿಗೆ ಬರುತ್ತಾನೆ, ಡಬ್ಬಿ ತೊಳೆದು ಪಾತ್ರೆಗಳ ಸಾಲಿನಲ್ಲಿಟ್ಟಿದ್ದಾಳೆ, ಯಾಕೆ ತೊಳೆದಳೋ, ಕೇಳಬೇಕು, ಕೇಳಿದರೆ ಹೌದು ಎಂದುಬಿಟ್ಟರೆ, ಕೇಳದಿದ್ದರೆ ಹೀಗೇ ಇನ್ನೂ ಎಷ್ಟು ಶನಿವಾರ — ಸಿಟ್ಟಿದೆ, ಸಿಟ್ಟಿಗಿಂತ ಹೆದರಿಕೆ ಜಾಸ್ತಿ ಇದೆ.

ಈಗ ಚುಕ್ಕಿ ಪಾಠ, ಅಪಾಸ್ಟ್ರಫಿ ಅಂತಾರ ಅದಕ್ಕ, ಕೇಳ್ರಿ, ಯಾರ ಸ್ವತ್ತು ಐತಿ ಅವರ ಹೆಸರಿಗೆ ಮ್ಯಾಲೆ ಒಂದು ಚುಕ್ಕಿ, ಜೀರಿಗಿ ಕಾಳಿನಷ್ಟು, ಆಮ್ಯಾಲೆ ಎಸ್, ಆದರ ಹರ್ಸ್ ಅಂದ್ರ ಆಕಿದು, ಅದಕ್ಕ ಚುಕ್ಕಿ ಬ್ಯಾಡ — ಆಕಿದು, ಬರೀ ಆಕಿಯಾಗಿದ್ದರೆ ಎಷ್ಟೋ ಛಲೋ ಇತ್ತು, ಹೆಸರು ಕೆತ್ತಿಸಿಕೊಂಡಿದ್ದಾಳೆ, ಅವಳಿಗೂ ಶನಿವಾರವೆಂದರೆ ಹೊಟ್ಟೆ ಉರಿಯುತ್ತದೇನೋ, ಅಥವಾ ಅವಳಿಗೆ ಏನೂ ಗೊತ್ತಿಲ್ಲವೋ — ಬರ್ರಿ ಲಲಿತಾ ಮೇಡಂ, ನೀವ ಬರ್ರಿ, ಲಲಿತಾಸ್ ಹಸ್ಬೆಂಡ್ ಅಂತ ಬರದು ಚುಕ್ಕಿ ಹಚ್ಚಿ ತೋರಸ್ರಿ. ಎದ್ದಳು, ಸೀಮೆಸುಣ್ಣ ಕೈಗೆ ಬಂತು, ಲಲಿತಾ ಎಂದು ಬರೆದಳು, ಚುಕ್ಕಿಗೆ ಜಾಗ ಬಿಟ್ಟು ಎಸ್ ಬರೆದಳು — ಸರ್, ಇಬ್ಬರದಿದ್ರ? — ಬಾಯಿಂದ ಬಿದ್ದೇಹೋಯಿತು. ಯಾರೂ ನಗಲಿಲ್ಲ. ಛಲೋ ಕೇಳಿದ್ರಿ, ಈಗ ರಾಮಾಂಜನೇಯ, ಅಸ್ಲಮ ಕೂಡಿ ಒಂದ ಅಂಗಡಿ ಹಾಕ್ಯಾರ ಅನ್ರಿ, ಎರಡೂ ಹೆಸರು ಬರೀಬೇಕು, ಆದರ ಚುಕ್ಕಿ ಎರಡನೇ ಹೆಸರಿಗಷ್ಟ, ಮೊದಲನೇದಕ್ಕ ಬ್ಯಾಡ — ಮೊದಲನೆಯದಕ್ಕೆ ಬೇಡ, ಎರಡನೆಯದಕ್ಕಷ್ಟೇ, ಈ ನಿಯಮ ಯಾರು ಮಾಡಿಟ್ಟರೋ — ಹಚ್ಚರಿ ಮೇಡಂ, ನಿಮ್ಮದು ಒಬ್ಬರದ ಐತಲ್ಲ, ಹಚ್ಚರಿ — ಸೀಮೆಸುಣ್ಣ ಹಲಗೆಗೆ ತಾಗಿಯೂ ತಾಗದೆ ನಿಂತಿದೆ, ಐದರ ಬಸ್ಸು, ಅಡುಗೆಮನೆಯಲ್ಲಿ ಅಪ್ಪನ ಹೆಸರಿನ ಪಾತ್ರೆಗಳ ಸಾಲು, ಸಾಲಿನ ನಡುವೆ ಆ ಮುಚ್ಚಳ, ಮುಚ್ಚಳದ ಮೇಲೆ ಚುಕ್ಕಿ, ಚುಕ್ಕಿ, ಚುಕ್ಕಿ.